ಏಳನೆಯ ಗೂಟ

ದೋಣಿಕಟ್ಟೆಯಲ್ಲಿ ಖಾಲಿ ಇದ್ದುದು ಏಳನೆಯ ಗೂಟ ಒಂದೇ. ಟೈಲರನ ದೋಣಿ ಜಾಗ ಸಿಗದೆ ಒಂದು ವರ್ಷದಿಂದ ಆಚೆ ದಡದಲ್ಲಿ ವಾಲಿಕೊಂಡು ನಿಂತಿತ್ತು; ಹತ್ತಬೇಕೆಂದರೆ ಮೊಣಕಾಲುದ್ದ ಕೆಸರು ತುಳಿಯಬೇಕು. "ಜಾಗದ ವಿಷ್ಯ ಸಾಯಂಕಾಲ ಐದಕ್ಕೆ ಹೇಳ್ತೀನಿ. ಅಲ್ಲೀವರೆಗೂ ನಾಲ್ಕು ಜನಕ್ಕೆ ಬೇಕಾದವರಾಗಿರಿ" ಎಂದಿದ್ದರು ಕಟ್ಟೆಯ ಮ್ಯಾನೇಜರು.

ಬೇಕಾದವರಾಗಲು ಅಲ್ಲಿದ್ದ ದಾರಿ ಒಂದೇ. ಯಾರ ದೋಣಿ ಬಂದರೂ ಕಟ್ಟೆಯಲ್ಲಿದ್ದವರು ಓಡಿಹೋಗಿ ಹಗ್ಗ ಹಿಡಿಯಬೇಕು.

ಹತ್ತು ಗಂಟೆಗೆ ಕಾಂಪೌಂಡರ್ ತಮ್ಮ ದೋಣಿಯಲ್ಲಿ ಬಂದು ಅದರ ಮೂತಿಯ ಹಗ್ಗ ಎಸೆದರು. ಟೈಲರ್ ಬಾವಿಯಿಂದ ಕೊಡ ಸೇದುವವನಂತೆ ಸರಸರ ಎಳೆದ. ದೋಣಿಯ ಮೂತಿ ಕಟ್ಟೆಗೆ ಬಂತು. ಬಾಲ ಗಿರ್ರನೆ ತಿರುಗಿ ಪಕ್ಕದ ದೋಣಿಗೆ ಬಡಿಯಿತು. ಅದರಲ್ಲಿ ಕೂತಿದ್ದ ಶಾಲೆಯ ಹೆಡ್ ಮೇಡಂ ಅವರ ಕಾಫಿ ಅವರ ಸೀರೆಯ ಮೇಲಿತ್ತು.

"ಯಾರ್ರೀ ಎಳೀರಿ ಅಂದಿದ್ದು? ಗೂಟಕ್ಕೆ ಒಂದು ಸುತ್ತು ಹಾಕಿ, ಗಟ್ಟಿಯಾಗಿ ಹಿಡ್ಕೊಂಡು ನಿಂತ್ಕೋಬೇಕು, ಅಷ್ಟೇ!" ಎಂದು ರೇಗಿದರು ಮೇಡಂ.

ಮಧ್ಯಾಹ್ನ ಅವರ ದೋಣಿಯಿಂದಲೇ ಒಂದು ಹಗ್ಗ ಜೋತಾಡುತ್ತಿದ್ದುದು ಕಂಡಿತು. ಟೈಲರ್ ಹಾರಿ ಹಿಡಿದ, ಸುತ್ತು ಹಾಕಿದ, ಬಂಡೆಯಂತೆ ನಿಂತ. ಇಂಜಿನ್ ಅಬ್ಬರಿಸಿತು.

"ಗಾಬರಿಯಾಗಬೇಡಿ ಮೇಡಂ, ಗಟ್ಟಿಯಾಗಿ ಹಿಡಿದಿದ್ದೀನಿ!"

"ಅಯ್ಯೋ, ಬಿಡ್ರೀ! ನಾನು ಬರ್ತಿಲ್ಲ, ಹೊರಟಿದ್ದೀನಿ!"

ಟೈಲರ್ ಬಿಟ್ಟ. ದೋಣಿ ಕವಣೆ ಕಲ್ಲಿನಂತೆ ಚಿಮ್ಮಿ ಆಚೆ ದಡದ ಕೆಸರಿಗೆ ನುಗ್ಗಿತು. ಮೇಡಂ ಚಪ್ಪಲಿ ಕೈಯಲ್ಲಿ ಹಿಡಿದು ದಡ ಸುತ್ತಿಕೊಂಡು ನಡೆದು ಬರುವಷ್ಟರಲ್ಲಿ ನಾಲ್ಕೂವರೆ. ಟೈಲರ್ ಬೈಗುಳಕ್ಕೆ ತಲೆ ತಗ್ಗಿಸಿ ನಿಂತಿದ್ದ. ಆದರೆ ಅವರು ನೇರ ಮ್ಯಾನೇಜರ ಹತ್ತಿರ ಹೋದರು. "ದಿನಾ ಆ ಕೆಸರು ತುಳೀತಾರಲ್ರೀ, ಪಾಪ! ಮೊದಲು ಇವರಿಗೆ ಜಾಗ ಕೊಡಿ."

ಟೈಲರ್ ತಲೆ ಎತ್ತಿದ. ಅಷ್ಟರಲ್ಲಿ ಗಾಳಿ ಎದ್ದಿತು. ಹಸಿರು ಬಣ್ಣದ ದೊಡ್ಡ ದೋಣಿಯೊಂದು ಇಂಜಿನ್ ಸದ್ದೇ ಇಲ್ಲದೆ ಕಟ್ಟೆಯತ್ತ ನುಗ್ಗಿ ಬರುತ್ತಿತ್ತು. "ಹಿಡೀರಿ! ಯಾರಾದ್ರೂ ಹಿಡೀರಿ!" ಎಂದು ಕೂಗುತ್ತ ಅದರಲ್ಲಿದ್ದ ಅಪರಿಚಿತ ಹಗ್ಗ ಎಸೆದ.

ಟೈಲರ್ ಹಿಡಿದ. ಎದುರಿಗಿದ್ದ ಏಳನೆಯ ಗೂಟಕ್ಕೆ ಒಂದು ಸುತ್ತು. ಎಳೆಯಲಿಲ್ಲ, ಪೂರ್ತಿ ಬಿಡಲೂ ಇಲ್ಲ. ಮಷೀನಿನ ಸೂಜಿಯಡಿ ಬಟ್ಟೆ ಸರಿಸುವ ಹಾಗೆ ಬೆರಳುಗಳ ನಡುವೆ ಇಷ್ಟಿಷ್ಟೇ ಸಡಿಲಿಸಿದ. ಕಟ್ಟೆಗೆ ಒಂದು ಗೇಣು ಉಳಿದಿರುವಾಗ ದೋಣಿ ಹಸುವಿನಂತೆ ನಿಂತಿತು. ಟೈಲರ್ ಗಂಟು ಬಿಗಿದ. ಚಪ್ಪಾಳೆಯೋ ಚಪ್ಪಾಳೆ!

ಗಂಟೆ ಐದಕ್ಕೆ ಐದು ನಿಮಿಷ. ಟೈಲರ್ ಬೀಗುತ್ತ ತಿರುಗಿ ನೋಡಿದರೆ ಮ್ಯಾನೇಜರು ತಲೆ ಮೇಲೆ ಕೈ ಹೊತ್ತು ಕೂತಿದ್ದರು.

"ಈ ಜಾಗಕ್ಕೆ ನಿಮಗಿಂತ ಮೊದಲು ಕೇಳಿದ್ದು ಇವರೇ. ಐದರೊಳಗೆ ದೋಣಿ ತಂದು ಕಟ್ಟಿದ್ರೆ ಇವರಿಗೆ, ಇಲ್ಲಾಂದ್ರೆ ನಿಮಗೆ ಅಂತ ಮಾತಾಗಿತ್ತು. ನಡುನೀರಲ್ಲಿ ಇಂಜಿನ್ ಕೆಟ್ಟಿದೆ, ಬರೋಕಾಗಲ್ಲ ಅಂತ ಈಗ ತಾನೇ ಫೋನ್ ಮಾಡಿದ್ರು. ಜಾಗ ನಿಮ್ಮದೇ ಅಂತ ಹೇಳೋಕೆ ಎದ್ದು ಬರ್ತಾ ಇದ್ದೆ ಕಣ್ರೀ!"

ಅಪರಿಚಿತ ಟೈಲರನ ಎರಡೂ ಕೈ ಹಿಡಿದು ಕುಲುಕುತ್ತಲೇ ಇದ್ದ.

ಕಾಂಪೌಂಡರ್ ಗಂಟನ್ನು ಮುಟ್ಟಿ ನೋಡಿ ನಿಟ್ಟುಸಿರು ಬಿಟ್ಟರು. "ಬೆಳಗ್ಗೆಯಿಂದ ಒಂದೇ ಒಂದು ದೋಣಿ ಸರಿಯಾಗಿ ಕಟ್ಟಿದ್ರಿ ಟೈಲರೇ, ಅದೂ ಇದೇ ಆಗಬೇಕಿತ್ತಾ!"