ಚಿಕ್ಕಮ್ಮ ಗೌಜು ಕೊಂಡದ್ದು

ನಮ್ಮ ಚಿಕ್ಕಮ್ಮನಿಗೆ ಗೊತ್ತಿಲ್ಲದ ವಿಷಯ ಈ ಪ್ರಪಂಚದಲ್ಲಿ ಯಾವುದೂ ಇಲ್ಲ. ಗೊತ್ತಿಲ್ಲದ್ದನ್ನಂತೂ ಅವರು ಇನ್ನೂ ಚೆನ್ನಾಗಿ ಬಲ್ಲರು!

ಕಕ್ಕಬೆಯಲ್ಲಿ ಅವರದೊಂದು ಸಣ್ಣ ಕಾಫಿ ತೋಟ, ಮನೆಗೆ ಅಂಟಿಕೊಂಡು ಎರಡು ಕೋಣೆಯ ಹೋಂಸ್ಟೇ. ತೋಟ ಚಿಕ್ಕಪ್ಪನ ಪಾಲು, ಹೋಂಸ್ಟೇ ಚಿಕ್ಕಮ್ಮನ ಪಾಲು, ಮಾತು ಪೂರ್ತಿ ಚಿಕ್ಕಮ್ಮನ ಪಾಲು. ಒಮ್ಮೆ ಯಾರೋ ಪ್ರವಾಸಿಗರು ತಡಿಯಂಡಮೋಳ್ ಬೆಟ್ಟಕ್ಕೆ ದಾರಿ ಕೇಳಿದರು. ಇವರು ಕೈ ತೋರಿಸಿದ ರಭಸಕ್ಕೆ ಪಾಪ, ಮರುಮಾತಾಡದೆ ಹೊರಟು, ಯಾರದೋ ಏಲಕ್ಕಿ ತೋಟದ ಹಿಂದಿನ ಝರಿ ತಲುಪಿದರು. ಸಂಜೆ ಬಂದು ಜಗಳ ತೆಗೆಯುತ್ತಾರೆಂದು ನಾನು ಹೆದರಿ ಕೂತಿದ್ದರೆ, "ಆಂಟಿ, ಇಂಥ ಜಾಗ ಇಂಟರ್‌ನೆಟ್ಟಲ್ಲೇ ಇಲ್ಲ!" ಎಂದು ಕೈ ಮುಗಿದರು. "ಅದಕ್ಕೇ ಅಲ್ವಾ ಕಳ್ಸಿದ್ದು," ಎಂದು ಚಿಕ್ಕಮ್ಮ ಹಾಲು ಕಾಯಿಸಲು ಒಳಗೆ ಹೋದರು. ಬೆಟ್ಟ ಇರುವುದು ಇನ್ನೊಂದು ಕಡೆ ಎಂದು ಚಿಕ್ಕಮ್ಮನಿಗೆ ಹೇಳುವವರು ಯಾರು? ಅವರನ್ನು ತಿದ್ದುವುದಕ್ಕಿಂತ ಬೆಟ್ಟವನ್ನು ಸರಿಸುವುದು ಸುಲಭ!

ಇಂಥ ಚಿಕ್ಕಮ್ಮ ಹೋದ ಮಳೆಗಾಲದ ಕೊನೆಯಲ್ಲಿ ಮಡಿಕೇರಿಯಲ್ಲಿರುವ ನನಗೆ ಫೋನ್ ಮಾಡಿ, "ನಾಳೆ ಬರ್ತೀವಿ ಕಣೇ. ಗೌಜು ಕೊಳ್ಬೇಕು," ಅಂದರು.

"ಗೌಜಾ? ಅದನ್ನ ನೀವು ದುಡ್ಡು ಕೊಟ್ಟು ಯಾಕೆ ಕೊಳ್ಬೇಕು ಚಿಕ್ಕಮ್ಮ?"

"ಬಣ್ಣ ಕಣೇ, ಬಣ್ಣ! ನಮ್ಮಲ್ಲಿ ಉಳ್ಕೊಂಡಿದ್ದ ಒಂದು ಹುಡುಗಿ ಜಗಲೀಲಿ ಕೂತು ಕಾಫಿ ಗಿಡದ ಚಿತ್ರ ಬರೆದ್ಲು. ಅದೇ ಬಣ್ಣ. ನಾನೂ ಬರೀತೀನಿ."

ನಾಲ್ಕಾರು ಪ್ರಶ್ನೆಗಳಾದ ಮೇಲೆ ಅದು ಗುವಾಶ್ ಎಂದು ಗೊತ್ತಾಯಿತು. ನೀರಲ್ಲಿ ಕಲಸುವ ಬಣ್ಣವೇ, ಆದರೆ ಜಲವರ್ಣದ ಹಾಗೆ ತೆಳ್ಳಗೆ ಕಾಗದ ಕಾಣಿಸುವಂಥದ್ದಲ್ಲ. ಗೋಡೆಗೆ ಸುಣ್ಣ ಹೊಡೆದಂತೆ ಅಡಿಯಲ್ಲಿರುವುದನ್ನು ಮುಚ್ಚಿಬಿಡುತ್ತದೆ. ಇದನ್ನೆಲ್ಲ ಫೋನಿನಲ್ಲೇ ಹುಡುಕಿ ಓದಿ, "ತಪ್ಪಾದ್ರೆ ಅದ್ರ ಮೇಲೇ ಇನ್ನೊಂದು ಸಲ ಬಳೀಬಹುದಂತೆ ಚಿಕ್ಕಮ್ಮ," ಎಂದೆ.

"ತಪ್ಪು ಯಾಕಾಗ್ತದೆ?"

ಅವರು ಅದುವರೆಗೆ ಬ್ರಶ್ ಹಿಡಿದದ್ದು ಒಂದೇ ಸಲ, ಮನೆಯ ಗೇಟಿಗೆ ಬಣ್ಣ ಹೊಡೆಯಲು. ಆ ಗೇಟು ಇವತ್ತಿಗೂ ಕೈಗೆ ಅಂಟುತ್ತದೆ!

ಮರುದಿನ ಅವರು ಜೀಪ್ ಓಡಿಸಿಕೊಂಡು ಬಂದಿಳಿದರು. ಪಕ್ಕದ ಸೀಟಿನಲ್ಲಿ ಚಿಕ್ಕಪ್ಪ, ಮಡಿಲಲ್ಲಿ ಕೊಡೆ. ಬಣ್ಣ ಕೊಳ್ಳಲು ಚಿಕ್ಕಪ್ಪ ಯಾಕೆ? ಅವರಿಗೆ ಬಣ್ಣದ ಗಂಧವಿಲ್ಲ; ಅಂಗಿಗೂ ಪಂಚೆಗೂ ಸಂಬಂಧವಿಲ್ಲದಂತೆ ಉಡುವ ಮನುಷ್ಯ. ಕೇಳಿದರೆ, "ಅವರಿಲ್ದೆ ಆಗಲ್ಲ," ಎಂದರು ಚಿಕ್ಕಮ್ಮ. ಚೀಲ ಹೊರಲಿಕ್ಕಿರಬೇಕು ಎಂದುಕೊಂಡೆ.

ಸ್ಟೇಷನರಿ ಅಂಗಡಿಯಾತ ಮಲಯಾಳಿ, ಸಾಧು ಪ್ರಾಣಿ. ಚಿಕ್ಕಮ್ಮ ಮೆಟ್ಟಿಲಿನಿಂದಲೇ ಕೂಗಿದರು: "ಒಂದು ಡಬ್ಬಿ ಗೌಜು ಕೊಡಿ!"

"ಗೌಜು ನೀವೇ ತಂದಿದ್ದೀರಲ್ಲ ಅಕ್ಕ!"

ಹೇಳಿದ ಮೇಲೆ ಆತ ನಾಲಿಗೆ ಕಚ್ಚಿಕೊಂಡ. ಚಿಕ್ಕಮ್ಮನೇ ಮೊದಲು ನಕ್ಕರು. ಆತನ ಮುಖಕ್ಕೆ ಮತ್ತೆ ರಕ್ತ ಬಂತು. ಆ ಖುಷಿಗೆ ಇಪ್ಪತ್ತನಾಲ್ಕು ಬಣ್ಣಗಳ ದೊಡ್ಡ ಪೆಟ್ಟಿಗೆಯನ್ನೇ ಬಿಚ್ಚಿಟ್ಟ. ಚಿಕ್ಕಮ್ಮ ಟ್ಯೂಬುಗಳ ಮೇಲೆ ಬೆರಳಾಡಿಸಿ ಹುಬ್ಬು ಗಂಟಿಕ್ಕಿದರು.

"ಇದ್ರಲ್ಲಿ ಇಷ್ಟೊಂದು ಹಸಿರು ಯಾಕೆ? ಕೊಡಗಿನಲ್ಲಿ ಇದ್ದುಕೊಂಡು ದುಡ್ಡು ಕೊಟ್ಟು ಹಸಿರು ತಗೊಳ್ತಾರಾ ಯಾರಾದ್ರೂ?"

ನಾನು ಓದಿದ ಪಾಂಡಿತ್ಯವನ್ನೆಲ್ಲ ಕೂಡಿಸಿಕೊಂಡು, ಕಲಾವಿದರು ಬಳಸುವ ಒಳ್ಳೇ ದರ್ಜೆಯ ಬಣ್ಣವನ್ನೇ ಕೊಳ್ಳಬೇಕೆಂದು ಬುದ್ಧಿ ಹೇಳಹೋದೆ.

"ಸಾರು ಮಾಡೋಕೆ ಕಲಿಯೋಳಿಗೆ ಬೆಳ್ಳಿ ಸೌಟು ಯಾಕೇ? ಶಾಲೆ ಮಕ್ಕಳು ತಗೊಳ್ಳೋದೇ ಸಾಕು. ಆದ್ರೆ ಬಿಳಿ ಮಾತ್ರ ದೊಡ್ಡದು ಬೇಕು."

"ಯಾಕಕ್ಕಾ?" ಎಂದ ಅಂಗಡಿಯಾತ.

"ಎಲೆ ಮೇಲೆ ಅನ್ನ ಎಷ್ಟಿರ್ತದೆ, ಉಪ್ಪಿನಕಾಯಿ ಎಷ್ಟಿರ್ತದೆ? ಬಿಳಿ ಅಂದ್ರೆ ಅನ್ನ. ಎಲ್ಲದಕ್ಕೂ ಕಲಸ್ಬೇಕು, ಅದೇ ಮೊದಲು ಖಾಲಿಯಾಗೋದು."

ನಾನು ಫೋನ್ ತೆಗೆದು ನೋಡಿದೆ. ಬಲ್ಲವರೆಲ್ಲ ಅದನ್ನೇ ಬರೆದಿದ್ದರು! ಇವರಿಗೆ ಯಾರು ಹೇಳಿದರು? ಯಾರೂ ಇಲ್ಲ. ಅವರ ಧೈರ್ಯವನ್ನು ಕಂಡು ಸತ್ಯವೇ ಕೆಲವು ಸಲ ಅವರ ಕಡೆಗೆ ಬಂದು ನಿಲ್ಲುತ್ತದೆ.

ಆಮೇಲೆ ವಿಚಿತ್ರ ಶುರುವಾಯಿತು. ಚಿಕ್ಕಮ್ಮ ಒಂದೊಂದೇ ಟ್ಯೂಬು ಎತ್ತಿ ಚಿಕ್ಕಪ್ಪನ ಮುಖದೆದುರು ಹಿಡಿಯತೊಡಗಿದರು. ಅಂಗಡಿಯ ಗಿರಾಕಿಗಳೆಲ್ಲ ತಿರುಗಿ ನೋಡುತ್ತಿದ್ದರು. ಕೆಂಪೊಂದು, ಹಸಿರೊಂದು ಹಿಡಿದಾಗ ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು, "ಎರಡೂ ಒಂದೇ ಅಲ್ವಾ? ಸುಮ್ನೆ ಎರಡು ಯಾಕೆ ತಗೊಳ್ತೀಯ?" ಎಂದರು.

ಉಳಿತಾಯದ ತಮಾಷೆ ಎಂದುಕೊಂಡು ನಾನು ಗಟ್ಟಿಯಾಗಿ ನಕ್ಕೆ. ಚಿಕ್ಕಮ್ಮ ನಗಲಿಲ್ಲ. ಎರಡನ್ನೂ ಪೆಟ್ಟಿಗೆಗೆ ವಾಪಸ್ ಹಾಕಿ, ದೊಡ್ಡದೊಂದು ಬಿಳಿ, ಹಳದಿ, ನೀಲಿ, ಚೂರು ಕಪ್ಪು, ದಪ್ಪ ಕಾಗದ, ಎರಡು ಬ್ರಶ್ ಬಿಡಿಬಿಡಿಯಾಗಿ ಆರಿಸಿಕೊಂಡರು.

"ಕೆಂಪಿಲ್ದೆ ಚಿತ್ರ ಹೇಗೆ ಅಕ್ಕಾ?" ಅಂಗಡಿಯಾತನಿಗೆ ನಿಜವಾಗಿಯೂ ಸಂಕಟ.

"ನಮ್ಮನೇಲಿ ಕೆಂಪು ಖರ್ಚಾಗಲ್ಲ," ಎಂದರು ಚಿಕ್ಕಮ್ಮ.

ರಜೆಯಿತ್ತು, ನಾನೂ ಅವರ ಜೊತೆ ಕಕ್ಕಬೆಗೆ ಹೊರಟೆ. ದಾರಿಯಲ್ಲಿ ಚಿಕ್ಕಪ್ಪ ತಾವಾಗೇ ಬಾಯಿಬಿಟ್ಟರು.

"ನೀನು ನಕ್ಕಿದ್ದಕ್ಕೆ ಬೇಜಾರಿಲ್ಲ ಮಗಳೇ. ನಂಗೆ ಹುಟ್ಟಿದಾಗಿಂದ ಕೆಂಪೂ ಹಸಿರೂ ಒಂದೇ ಥರ ಕಾಣೋದು. ನೀಲಿ, ಹಳದಿ ಚೆನ್ನಾಗಿ ಗೊತ್ತಾಗ್ತದೆ. ನಮ್ಮ ಕಡೆ ಸಿಗ್ನಲ್ ಲೈಟ್ ಇಲ್ಲದ್ದು ಪುಣ್ಯ!"

"ಮದುವೆ ದಿನ ಹಸಿರು ಸೀರೆ ಉಟ್ಟಿದ್ದೆ, ಇಷ್ಟಗಲ ಕೆಂಪು ಅಂಚು," ಚಿಕ್ಕಮ್ಮ ಸ್ಟಿಯರಿಂಗ್ ಬಿಟ್ಟು ಎರಡೂ ಕೈಯಲ್ಲಿ ಅಗಲ ತೋರಿಸಿದರು. ನಾನು ದೇವರನ್ನು ನೆನೆದೆ. "ಇವ್ರು ನನ್ನ ಹತ್ರ ಆಡಿದ ಮೊದಲ ಮಾತು ಏನು ಗೊತ್ತಾ? 'ಅಂಚಿಲ್ಲದ ಸೀರೆ ಯಾಕೆ ಉಟ್ಟೆ, ನಿಮ್ಮಪ್ಪಂಗೆ ಅಷ್ಟೊಂದು ಕಷ್ಟನಾ?' ಅಂತ!"

ಜೀಪೇ ನಕ್ಕಿತು. ಆದರೆ ನನಗೆ ಥಟ್ಟನೆ ಬೇರೇನೋ ಹೊಳೆಯಿತು. ಕೆಂಪು ಹಸಿರು ತಿಳಿಯದ ಮನುಷ್ಯ ಇಷ್ಟು ವರ್ಷ ಕಾಫಿ ಹಣ್ಣು ಕೊಯ್ದದ್ದು ಹೇಗೆ?

"ಒತ್ತಿ ನೋಡೋದು," ಎಂದು ಹೆಬ್ಬೆರಳು ತೋರುಬೆರಳು ಸೇರಿಸಿ ತೋರಿಸಿದರು ಚಿಕ್ಕಪ್ಪ. "ಕಾಯಿ ಗಟ್ಟಿ, ಹಣ್ಣು ಮೆತ್ತಗೆ. ಕೆಲಸದವರು ನಾನು ಭಾರೀ ಶಿಸ್ತು ಅಂದ್ಕೊಂಡಿದಾರೆ."

ಆಗ ಚಿಕ್ಕಮ್ಮ ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದರು. ಜಗಲಿಯಲ್ಲಿ ಕಾಫಿ ಗಿಡ ಬರೆದ ಆ ಹುಡುಗಿ ಚಿತ್ರ ಮುಗಿಸಿ ಹೇಗಿದೆ ಅಂಕಲ್ ಎಂದು ಕೇಳಿದಳಂತೆ. ಚಿಕ್ಕಪ್ಪ ನೋಡಿ, "ಗಿಡ ಚೆನ್ನಾಗಿದೆಯಮ್ಮ, ಹಣ್ಣು ಯಾವಾಗ ಬರೀತೀಯ?" ಎಂದರಂತೆ. ಚಿತ್ರದ ತುಂಬ ಕೆಂಪು ಹಣ್ಣು! ಜಗಲಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರಂತೆ. ಚಿಕ್ಕಪ್ಪನೂ ನಕ್ಕು, ಏನೋ ಕೆಲಸವಿದೆ ಎಂದು ಒಳಗೆ ಹೋದವರು ಊಟದ ತನಕ ಹೊರಗೆ ಬರಲಿಲ್ಲವಂತೆ.

"ಅದೆಲ್ಲ ಯಾಕೀಗ," ಎಂದರು ಚಿಕ್ಕಪ್ಪ. ಚಿಕ್ಕಮ್ಮ ಗೇರ್ ಬದಲಿಸಿದರು.

ಇನ್ನು ಅವರ ಕಲಾಸಾಧನೆ! ಬಣ್ಣ ಕಲಸಲು ತಟ್ಟೆಗೆ ಯಾಕೆ ದುಡ್ಡು ಎಂದು ಇಡ್ಲಿ ತಟ್ಟೆಯನ್ನೇ ಹಿಡಿದರು. ತೊಳೆದದ್ದು ಸಾಲದೆ ಒಂದು ಬೆಳಿಗ್ಗೆ ಅತಿಥಿಗಳ ಇಡ್ಲಿಗೆ ನೀಲಿ ಕೆನ್ನೆ ಬಂತು. "ಇದೇನಾಂಟಿ?" ಎಂದರೆ, "ಅದು ಚಿತ್ರದ ಇಡ್ಲಿ, ತಿನ್ನೋದಲ್ಲ," ಎಂದು ಎತ್ತಿಕೊಂಡು ಹೋಗಿ ದೋಸೆ ಹಾಕಿಕೊಟ್ಟರಂತೆ. ಬಣ್ಣವನ್ನು ಚಟ್ನಿಯ ಹಾಗೆ ದಪ್ಪಗೆ ಬಳಿದರೆ ಅದು ಒಣಗಿ ಬಿರುಕು ಬಿಟ್ಟಿತು. ನೀರು ಹೆಚ್ಚು ಹಾಕಿದರೆ ಹರಿದುಹೋಯಿತು. "ಮಜ್ಜಿಗೆ ಅಲ್ಲ, ಮೊಸರಿನ ಹದ," ಎಂದು ತಾವೇ ಕಂಡುಹಿಡಿದು ನನಗೆ ಫೋನಿನಲ್ಲಿ ಪಾಠ ಮಾಡಿದರು. ಕಾಫಿ ಕಣದಲ್ಲಿ ಒಣಗಲು ಹಾಕಿದ ಚಿತ್ರದ ಮೇಲೆ ಕೋಳಿ ನಡೆದುಹೋಯಿತು. ಅತಿಥಿಯೊಬ್ಬರು ಆ ಕಾಲ್ಗುರುತನ್ನೇ ಹೊಗಳಿದಾಗ, "ಅದು ಬಹಳ ಕಷ್ಟದ ಕೆಲಸ," ಎಂದು ಒಪ್ಪಿಕೊಂಡರು!

ಕೊಯ್ಲಿನ ಸಮಯಕ್ಕೆ ನಾನು ಮತ್ತೆ ಹೋದೆ. ಜಗಲಿಯ ಬೆಂಚಿನ ಮೇಲೆ ಗೋಡೆಗೆ ಒರಗಿಸಿ ಒಂದು ದೊಡ್ಡ ಚಿತ್ರ ನಿಂತಿತ್ತು, ಬಣ್ಣ ಇನ್ನೂ ಹಸಿ. ಕಾಫಿ ಗಿಡ. ಎಲೆಯೆಲ್ಲ ಕಡುನೀಲಿ. ಗೆಣ್ಣು ಗೆಣ್ಣಿಗೂ ಗೊಂಚಲು ಗೊಂಚಲಾಗಿ ಹಳದಿ ಹಣ್ಣು. ರೆಂಬೆಗಳು ಒಂದಿಷ್ಟು ಸೊಟ್ಟ, ಬುಡ ಯಾಕೋ ಆನೆಯ ಕಾಲಿನ ಹಾಗಿತ್ತು.

ಹೋಂಸ್ಟೇಯಲ್ಲಿದ್ದ ಗಂಡ ಹೆಂಡತಿ ಇಬ್ಬರು ಬಗ್ಗಿ ನೋಡಿ, "ಆಂಟಿ, ನೀಲಿ ಕಾಫಿ ಗಿಡ ಎಲ್ಲಿರುತ್ತೆ?" ಎಂದರು.

"ಇಲ್ಲಿ," ಎಂದರು ಚಿಕ್ಕಮ್ಮ.

ಅಷ್ಟರಲ್ಲಿ ಚಿಕ್ಕಪ್ಪ ತೋಟದಿಂದ ಬಂದರು. ಮೆಟ್ಟಿಲ ಬಳಿ ಚಪ್ಪಲಿ ಬಿಡುತ್ತ ತಲೆ ಎತ್ತಿದವರು ಹಾಗೇ ನಿಂತುಬಿಟ್ಟರು. ಮೆಲ್ಲನೆ ಹತ್ತಿರ ಬಂದರು. ಅವರಿಗೇ ತಿಳಿಯದಂತೆ ಹೆಬ್ಬೆರಳೂ ತೋರುಬೆರಳೂ ಜೋಡಿಯಾಗಿ ಮುಂದೆ ಹೋಗಿ, ಒಂದು ಹಳದಿ ಹಣ್ಣನ್ನು ಒತ್ತಲು ನೋಡಿದವು; ಬಣ್ಣ ಕಲಸಿಹೋಯಿತು. ಅಯ್ಯೋ ಎಂದು ಕೈ ಹಿಂತೆಗೆದರು.

"ಮುಟ್ಟಿ, ಪರವಾಗಿಲ್ಲ. ಮತ್ತೆ ಬಳೀತೀನಿ," ಎಂದರು ಚಿಕ್ಕಮ್ಮ. ಆ ಸ್ವರವನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಇದು ಹಣ್ಣು," ಎಂದರು ಚಿಕ್ಕಪ್ಪ. "ಇದೂ ಹಣ್ಣು... ಇದೂ. ಇಷ್ಟೊಂದು ಹಣ್ಣು ಇರ್ತದಾ ಗಿಡದಲ್ಲಿ?"

"ಇರ್ತದೆ ಕಣ್ರೀ. ಪ್ರತಿ ವರ್ಷ ಇರ್ತದೆ."

ನಗಲು ಬಂದಿದ್ದ ಅತಿಥಿಗಳು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಚಿಕ್ಕಪ್ಪ ಚಿತ್ರದಿಂದ ಕಣ್ಣು ತೆಗೆಯದೆ ಹಿಂದೆ ಹಿಂದೆ ಹೆಜ್ಜೆ ಇಟ್ಟರು. ಜಗಲಿಯ ಅಂಚಿಗೆ ಬಂದು ನೋಡಿದರು. ಮೆಟ್ಟಿಲಿಳಿದು ಅಂಗಳದಲ್ಲಿ ನಿಂತು ನೋಡಿದರು. ಬರಿಗಾಲಲ್ಲೇ ಕಣ ದಾಟಿ, ಮೊದಲ ಸಾಲಿನ ಕಾಫಿ ಗಿಡಗಳಿಗೆ ಬೆನ್ನು ತಾಗುವವರೆಗೂ ಹೋಗಿ, ಅಲ್ಲಿಂದ ಕೈಯೆತ್ತಿ ಕೂಗಿದರು:

"ಇಲ್ಲಿಗೂ ಕಾಣ್ತದೆ ಕಣೇ!"