ಸಮರ್‌ಕಂದದಲ್ಲಿ ಜಮಖಂಡಿಯ ಮರ್ಯಾದೆ

ಊಟಕ್ಕೆ ಕುಳಿತವರಿಗೆ ಒತ್ತಾಯ ಮಾಡಿ ಬಡಿಸುವುದರಲ್ಲಿ ನಮ್ಮ ಜಮಖಂಡಿ ಕಡೆಯವರನ್ನು ಮೀರಿಸುವವರು ಭೂಮಿಯ ಮೇಲೆ ಇಲ್ಲವೆಂದು ನಾನು ಎದೆ ತಟ್ಟಿ ಹೇಳುತ್ತಿದ್ದವನು. ನಮ್ಮಲ್ಲಿ ಬೀಗರು ‘ಸಾಕ್ರಿ’ ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ‘ಖರೇನ ಸಾಕ್ರಿ’ ಅಂದರೆ ಇನ್ನರ್ಧ ಹೋಳಿಗೆ ಬೀಳುತ್ತದೆ. ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದು ಬಗ್ಗಿದರೆ ಮಾತ್ರ ಸೋತರೆಂದು ಬಿಟ್ಟುಬಿಡುತ್ತೇವೆ, ಅದೂ ಬೆರಳ ಸಂದಿಯಿಂದ ಒಂದಿಷ್ಟು ತುಪ್ಪ ಇಳಿಸಿದ ಮೇಲೆ. ಇಂಥ ಊರಿನ ನಾನು ಉಜ್ಬೇಕಿಸ್ತಾನದ ಸಮರ್‌ಕಂದದಲ್ಲಿ ಮೊದಲ ದಿನವೇ ಮಣ್ಣು ಮುಕ್ಕಿದೆ.

ಹೋದವರು ಮೂವರು ಹಳೆಯ ಗೆಳೆಯರು: ಬ್ಯಾಂಕಿನಿಂದ ನಿವೃತ್ತನಾದ ನಾನು, ತುಬಚಿಯಲ್ಲಿ ಕಬ್ಬು ಬೆಳೆಯುವ ಸಿದ್ದಪ್ಪ, ಬನಹಟ್ಟಿಯಲ್ಲಿ ಮಗ್ಗ ಇಟ್ಟಿರುವ ರಾಜಶೇಖರ. ಇಳಿದುಕೊಂಡದ್ದು ಪ್ರವಾಸಿಗರಿಗೆ ಕೋಣೆ ಕೊಡುವ ಗುಲ್ನೋರಾ ಎಂಬ ಅಕ್ಕನ ಮನೆಯಲ್ಲಿ. ನಾವು ಮಾಂಸ ತಿನ್ನುವುದಿಲ್ಲ ಎಂದದ್ದೇ ತಪ್ಪಾಯಿತೇನೋ, ಅವರಿಗೆ ಹುರುಪು ಇಮ್ಮಡಿಯಾಯಿತು. ಕುಂಬಳಕಾಯಿ ತುಂಬಿದ, ನಮ್ಮ ಸಮೋಸದಂಥ ಸೋಮ್ಸಾ, ಆಗಷ್ಟೇ ತಂದೂರಿನಿಂದ ತೆಗೆದ ದಪ್ಪ ರೊಟ್ಟಿ, ಗಟ್ಟಿ ಮೊಸರು, ಸಕ್ಕರೆಯಂಥ ಖರಬೂಜ! ‘ಓಲಿಂಗ್, ಓಲಿಂಗ್’ ಎನ್ನುತ್ತ ನಿಂತೇ ಬಡಿಸಿದರು. ‘ತಗೋರಿ, ತಗೋರಿ’ ಎಂದರ್ಥ. ನಮಗೆ ಅದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ನಾನು ಕೈ ಅಡ್ಡ ಹಿಡಿದೆ. ಆ ತಾಯಿ ನನ್ನ ಕೈ ಎತ್ತಿ ಪಕ್ಕಕ್ಕಿಟ್ಟು ಬಡಿಸಿದರು. ರಾಜಶೇಖರ ಮೇಜಿನ ಬಟ್ಟೆಯ ನೇಯ್ಗೆ ನೋಡುವ ನೆಪದಲ್ಲಿ ತಲೆ ತಗ್ಗಿಸಿದ, ತಲೆ ಎತ್ತಿದಾಗ ತಾಟು ತುಂಬಿತ್ತು.

ಕೋಣೆಗೆ ಬಂದು ಬೆಲ್ಟು ಸಡಿಲಿಸಿ ಬಿದ್ದುಕೊಂಡೆ. ಹೊಟ್ಟೆ ಬಿರಿಯುವುದಿರಲಿ, ಮರ್ಯಾದೆ ಹೋದ ಸಂಕಟ. ‘ಹೊಂಡೂದ್ರೊಳಗ ಈ ಅಕ್ಕಾರ ಕಡಿಂದ ಸಾಕು ಅನಸ್ಲಿಲ್ಲಂದ್ರ ನಾ ಊರಿಗೆ ಹೋಗಿ ಮಾರಿ ಹೆಂಗ ತೋರಸ್ಲಿ?’ ಅಂದೆ.

‘ಲೇ, ನಿಂತು ಬಡಸೋರನ್ನ ಸೋಲಸಾಕ ಆಗೂದಿಲ್ಲ,’ ಎಂದ ಸಿದ್ದಪ್ಪ. ‘ಮದ್ಲ ಅವರನ್ನ ಕುಂಡ್ರಸಬೇಕು.’

ಅಬ್ಬಾ, ಎಂಥ ಮಾತಂದ! ಆ ಅಕ್ಕ ನಮ್ಮ ಜೊತೆ ಒಮ್ಮೆಯೂ ಕುಳಿತಿರಲಿಲ್ಲ. ಹೊರಡುವ ದಿನ ಮಧ್ಯಾಹ್ನ ನಾವು ಮೂವರೂ ಅಡುಗೆಮನೆಗೆ ನುಗ್ಗಿ, ಅವರ ಕೈಯ ಸೌಟು ಕಸಿದುಕೊಂಡು, ಗಂಡನ ಪಕ್ಕ ಕೂರಿಸಿಯೇ ಬಿಟ್ಟೆವು. ನನ್ನ ಹೆಂಡತಿ ಕಟ್ಟಿಕೊಟ್ಟಿದ್ದ ಖಡಕ್ ಜೋಳದ ರೊಟ್ಟಿ ನಾನು ಹಿಡಿದೆ, ಖಾರದ ಚಟ್ನಿಪುಡಿ ಶೇಂಗಾ ಹಿಂಡಿ ರಾಜಶೇಖರ, ಅವರದೇ ಮೊಸರು ಸಿದ್ದಪ್ಪ. ಮೂರು ದಿಕ್ಕಿನಿಂದ ದಾಳಿ! ಅಕ್ಕ ಮುರಿದು ತಿಂದರು, ಖಾರಕ್ಕೆ ಕಣ್ಣೊರೆಸಿಕೊಂಡರು, ಮತ್ತೆ ತಿಂದರು. ಬಲಗಡೆ ರಾಜಶೇಖರ ಮಾತಿಗೆಳೆದರೆ ಎಡಗಡೆಯಿಂದ ನಾನು ‘ಒಂದ ತುಣಕ್ರೀ, ಓಲಿಂಗ್’ ಎಂದು ಜಾರಿಸಿದೆ. ಗಂಡ ಮೊದಲೇ ಕೈ ತೊಳೆದು ನಮ್ಮ ಪಕ್ಷ ಸೇರಿದ. ಕೊನೆಗೆ ಅಕ್ಕ ನಗುತ್ತ, ನಗುತ್ತ, ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದು ಬಗ್ಗಿದರು!

‘ಬೀರಪ್ಪನ ಹೆಸರಲೆ ಛಾಂಗಭಲೋ!’ ಎಂದು ಸಿದ್ದಪ್ಪ ನಮ್ಮ ಜಾತ್ರೆಯ ಜಯಘೋಷ ಕೂಗಿದ್ದಕ್ಕೆ ನೆರೆಮನೆಯವರು ಗೋಡೆಯ ಮೇಲಿಂದ ಇಣುಕಿದರು. ನನಗಂತೂ ಕಣ್ಣಲ್ಲಿ ನೀರು ಬಂತು. ಬೆರಳ ಸಂದಿಯಿಂದ ಒಂದು ಚಮಚ ಮೊಸರು ಇಳಿಸುವುದನ್ನು ಮಾತ್ರ ಮರೆಯಲಿಲ್ಲ.

ರಾಜಶೇಖರ ಕಿಟಕಿಯಲ್ಲಿ ಫೋನು ನಿಲ್ಲಿಸಿಟ್ಟು ಈ ಯುದ್ಧವನ್ನೆಲ್ಲ ವಿಡಿಯೊ ಮಾಡಿ ನಮ್ಮ ಮನೆಗೂ ಕಳಿಸಿದ್ದ. ಊರಿಗೆ ಬಂದು ಹೆಂಡತಿಯ ಮುಂದೆ ಮೀಸೆ ತಿರುವುತ್ತ ಕುಳಿತೆ. ಆಕೆ ಎರಡೆರಡು ಸಲ ನೋಡಿದಳು.

‘ಬಾಳ ಛಲೋ ಬಡಸೀರಿ ಬಿಡ್ರಿ. ರೊಟ್ಟಿ ಬಡದಾಕಿ ನಾನು. ಇಷ್ಟ ವರ್ಷದಾಗ ನನಗ ಒಮ್ಮೆರ ತಗೋ ಅಂದೀರೇನು?’ ಎಂದವಳೇ ತಾಟು ಇಟ್ಟುಕೊಂಡು ಕುಳಿತಳು. ಗೆದ್ದ ಹುಮ್ಮಸ್ಸು ನನಗೆ, ಅದೇನು ಮಹಾ ಎಂದು ರೊಟ್ಟಿ ಬುಟ್ಟಿ ಎತ್ತಿಕೊಂಡೆ. ‘ಮತ್ತ ಮಾತ ಒಂದ, ನಾ ಸಾಕು ಅನ್ನೂತನಕಾ ನೀವು ಕುಂಡ್ರೂಹಂಗಿಲ್ಲ,’ ಅಂದಳು.

ಒಂದು ರೊಟ್ಟಿಗೆ ಹೊಟ್ಟೆ ತುಂಬುವ ಹೆಂಗಸು. ಅದನ್ನೇ ತುಣುಕು ತುಣುಕಾಗಿ ಮುರಿಯುತ್ತ, ಟಿವಿಯ ಧಾರಾವಾಹಿ ಮುಗಿಯುವವರೆಗೂ ಉಣ್ಣುತ್ತಾಳೆ. ಅಂದಿನಿಂದ ದಿನಾ ಇದೇ ನಡೆದಿದೆ. ಸಮರ್‌ಕಂದ ಗೆದ್ದು ಬಂದ ನಾನು ಹಸಿದ ಹೊಟ್ಟೆಯಲ್ಲಿ ಪಕ್ಕದಲ್ಲೇ ನಿಂತು, ‘ತಗೋ, ತಗೋ’ ಎನ್ನುತ್ತಿದ್ದೇನೆ.