ತೂತಿನ ವೈರಿ

ನಮ್ಮ ಕಾಕಾಗೆ ಈ ಜಗತ್ತಿನಲ್ಲಿ ಇದ್ದದ್ದು ಒಂದೇ ವೈರಿ: ತೂತು! ಬ್ಯಾಡಗಿಯಲ್ಲಿ ಮನೆ. ಸುಗ್ಗಿ ಬಂತೆಂದರೆ ಮಾರ್ಕೆಟ್ಟಿನ ಮೆಣಸಿನಕಾಯಿ ಘಾಟಿಗೆ ಓಣಿಗೆ ಓಣಿಯೇ ಸೀನುತ್ತದೆ. ಊರೆಲ್ಲ ಸೀನಿ ಸುಮ್ಮನಾದರೆ, ಕಾಕಾ ಗವಾಕ್ಷಿ, ಬೆಳಕಿಂಡಿ, ಕಿಡಕಿಯ ಸಂದಿ ಎಲ್ಲಕ್ಕೂ ಅರಿವೆ ತುರುಕಿದರು. ಕೀಲಿಯ ತೂತನ್ನೂ ಬಿಡದೆ ಅರಳೆ ತುಂಬಿದರು. ಆಮೇಲೆ ಸ್ವಂತ ಮನೆಯ ಹೊರಗೆ ಅರ್ಧ ತಾಸು ನಿಂತು, ಹೇರ್‌ಪಿನ್ನಿನಿಂದ ಅರಳೆ ಕೀಳುತ್ತಿದ್ದರು!

ಇಂಥ ಮನೆಯಲ್ಲಿ ಬಚ್ಚಲ ಹಂಡೆಯ ಹೊಗೆ ಎಲ್ಲಿಗೆ ಹೋಗಬೇಕು ಹೇಳಿ? ನೇರ ಕಾಕಾನ ಹೆಂಡತಿ, ನಮ್ಮ ಕಾಕುವಿನ ಕಣ್ಣಿಗೆ. ಇಪ್ಪತ್ತು ವರ್ಷ ಒಲೆ ಊದಿದ ಮೇಲೆ ಡಾಕ್ಟರು, ‘ಇನ್ನ ಹೊಗಿ ಹತ್ರ ಹೋಗಬ್ಯಾಡ್ರಿ’ ಎಂದುಬಿಟ್ಟರು. ಕಾಕಾ ಮರುದಿನವೇ ಹಂಡೆ ಕೀಳಿಸಿ ಗ್ಯಾಸ್ ಗೀಸರ್ ತಂದರು.

ಅದನ್ನು ಕೂಡಿಸಲು ರಾಣೆಬೆನ್ನೂರಿನಿಂದ ಬಂದ ಮಿಸ್ತ್ರಿ ಗೋಡೆ ಬಡಿದು ನೋಡಿ, “ಎರಡು ತೂತು ಬೇಕ್ರಿ. ಒಂದು ಕೊಳವಿಗೆ, ಒಂದು ಗಾಳಿಗೆ” ಎಂದ.

“ತೂತಾ? ನನ್ನ ಮನ್ಯಾಗ?”

“ಇಲ್ಲಂದ್ರ ಒಳಗ ಹೋದವ್ರು ಅಲ್ಲೇ ಮಲಗಿಬಿಡ್ತಾರ್ರಿ. ಗ್ಯಾಸ್ ಉರದ ವಿಷಗಾಳಿ ವಾಸನಿ ಬರೂದಿಲ್ಲ, ಸಪ್ಪಳ ಆಗೂದಿಲ್ಲ.”

ಕಾಕಾ ಕಾಕುವಿನ ಮುಖ ನೋಡಿದರು. ಮಿಸ್ತ್ರಿಯ ಕೈಯಿಂದ ಸುತ್ತಿಗೆ ಕಸಿದುಕೊಂಡರು. ಗಾಳಿಗೆ ಗೇಣಗಲ ಸಾಕೆಂದರೂ ಕೇಳಬೇಕಲ್ಲ! ಸೂರಿನ ಕೆಳಗೆ ಅವರು ಒಡೆದ ಕಂಡಿಯಲ್ಲಿ ಪಕ್ಕದ ಮನೆಯ ಬೆಕ್ಕು ಸಂಸಾರ ಸಮೇತ ಓಡಾಡತೊಡಗಿತು.

ಅಷ್ಟಾದರೂ ನಂಬಿಕೆ ಇಲ್ಲ. ಕಾಕು ಜಳಕಕ್ಕೆ ಹೋದರೆ ಇವರು ಬಾಗಿಲಾಚೆ ಕುರ್ಚಿ ಹಾಕಿ, ಎರಡು ನಿಮಿಷಕ್ಕೊಮ್ಮೆ, “ಅದೀಯೇನ?” ಎಂದು ಕೂಗುವುದು. ಆಕೆ ಒಳಗಿನಿಂದ ತಂಬಿಗೆಯಲ್ಲಿ ಬಕೆಟ್ಟಿಗೆ ಟಣ್ ಎಂದು ಬಡಿಯುವುದು. ಓಣಿಯವರೆಲ್ಲ ದಿನಾ ಮುಂಜಾನೆ ನಗುತ್ತಿದ್ದರು. ನಾನೂ ನಕ್ಕವನೇ.

ಶ್ರಾವಣದಲ್ಲಿ ಹಾವೇರಿಯಿಂದ ನಾನು ಹೋದಾಗ, ಒಂದು ಮುಂಜಾನೆ ಕಾಕಾ ಕೂಗಿದರು. ಟಣ್ ಬರಲಿಲ್ಲ. ಮತ್ತೆ ಕೂಗಿದರು. ಇಲ್ಲ! ಎದ್ದ ರಭಸಕ್ಕೆ ಕುರ್ಚಿ ಬಿತ್ತು. ಎರಡೂ ಕೈಯಿಂದ ಬಾಗಿಲು ಗುದ್ದಿದರು. ನಾನೂ ಓಡಿಬಂದೆ.

ಸೀರೆ ಸುತ್ತಿಕೊಂಡು ಕಾಕು ಬಾಗಿಲು ತೆರೆದಳು. ತಲೆಯಿಂದ ನೀರು ಇಳಿಯುತ್ತಿತ್ತು. “ಕರದ್ರೇನ್ರಿ? ಮರತೇಬಿಟ್ಟೆ ನೋಡ್ರಿ. ಕಣ್ಣುರಿ ಇಲ್ಲದ ಜಳಕ ಇಷ್ಟು ಹಿತ ಇರ್ತೈತಂತ ಗೊತ್ತ ಇರಲಿಲ್ಲ!”

ಕಾಕಾ ಹೊಸ್ತಿಲ ಮೇಲೆ ಕುಸಿದು ಕೂತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

“ಯಾಕ್ರಿ, ಅಳಾಕತ್ತೀರೇನು?”

“ಛೇ, ಘಾಟು! ಆ ಹಾಳ ತೂತಿನಿಂದ ಬರಾಕತ್ತೈತಿ.”

ಶ್ರಾವಣದಲ್ಲಿ ಎಲ್ಲಿಯ ಘಾಟು? ಮಾರ್ಕೆಟ್ಟು ಬಿಕೋ ಎನ್ನುತ್ತಿತ್ತು. ಕಾಕುವಿಗೂ ಅದು ಗೊತ್ತಿತ್ತು. ಆಕೆ ಅವರ ಪಕ್ಕದಲ್ಲೇ ಕೂತು, “ಹೌದ್ರಿ, ಇವತ್ತ ಘಾಟು ಭಾಳ ಐತಿ” ಎಂದು ಒದ್ದೆ ಸೆರಗಿನಿಂದ ಅವರ ಕಣ್ಣು ಒರೆಸಿದಳು.